ಬೀಗ ಹಾಕಿದ ಸಿನಿಮಾ ಡಿವಿಡಿ ಕಾಯುತ್ತದೆ, ಬೀಗವಿಲ್ಲದ ಮದುವೆ ಸಿಡಿ ಕಾಯುವುದಿಲ್ಲ

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿಯಿತು. ಹಳೆಯ ಡೆಸ್ಕ್‌ಟಾಪನ್ನು ಗುಜರಿಗೆ ಹಾಕಿ ಹೊಸದು ತಂದ ಮನೆಗಳಲ್ಲಿ ಸ್ವಲ್ಪ ದಿನ ಕಳೆದ ಮೇಲೆ ಒಂದು ಸಂಗತಿ ಗಮನಕ್ಕೆ ಬಂತು: ಹೊಸ ಪೆಟ್ಟಿಗೆಯಲ್ಲಿ ಸಿಡಿ ಹಾಕುವ ಜಾಗವೇ ಇಲ್ಲ. ಯುಎಸ್‌ಬಿ ಡ್ರೈವ್ ತಂದು ಜೋಡಿಸಿದರೂ ವಿಂಡೋಸ್ 11 ಡಿಸ್ಕಿನೊಳಗಿನ ಫೈಲುಗಳ ಹೆಸರು ತೋರಿಸುತ್ತದೆಯೇ ಹೊರತು ಚಿತ್ರ ತೋರಿಸುವುದಿಲ್ಲ. ಅದೇ ವರ್ಷದ ಜನವರಿಯಲ್ಲಿ ಸೋನಿ ಕಂಪನಿ ಡಿವಿಡಿಯ ಮುಂದಿನ ತಲೆಮಾರಾದ ಬ್ಲೂ-ರೇ ಡಿಸ್ಕ್ ತಯಾರಿಕೆ ನಿಲ್ಲಿಸುತ್ತದೆ ಎಂಬ ಸುದ್ದಿ ಬಂದಿತ್ತು. ಅದಕ್ಕೂ ಮೊದಲು, 2024ರ ಕೊನೆಗೆ, ಎಲ್‌ಜಿ ಬ್ಲೂ-ರೇ ಪ್ಲೇಯರುಗಳಿಂದ ಹಿಂದೆ ಸರಿದ ವರದಿ.

ಈ ಮೂರೂ ಸುದ್ದಿ ಕಲಸಿಹೋಗಿ ಮಂಗಳೂರು, ಉಡುಪಿಯ ಮನೆಗಳಲ್ಲಿ ಒಂದೇ ಪ್ರಶ್ನೆಯಾಗಿ ನಿಂತಿವೆ: ಕಪಾಟಿನಲ್ಲಿರುವ ಸಿಡಿಗಳ ಗತಿ ಏನು? ಅವನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳಬಹುದೇ, ಅಥವಾ ಅದು ಪೈರಸಿಯೇ?

ಉತ್ತರ ಕೊಡುವುದು ಕಷ್ಟವಾಗುವುದಕ್ಕೆ ಒಂದು ಕಾರಣ ನಮ್ಮ ಮಾತಿನಲ್ಲೇ ಇದೆ. ಇಲ್ಲಿ ಸಿಡಿ ಅಂದರೆ ಎಲ್ಲವೂ ಸಿಡಿಯೇ. ಅಂಗಡಿಯಿಂದ ತಂದ ಸಿನಿಮಾ ಡಿವಿಡಿ, ಸ್ಟುಡಿಯೊದವರು ಆಲ್ಬಮ್ಮಿನ ಜೊತೆ ಕೊಟ್ಟ ಮದುವೆ ಡಿವಿಡಿ, ಜಾತ್ರೆಯ ಸಂತೆಯಲ್ಲಿ ಕೊಂಡ ಯಕ್ಷಗಾನದ ವಿಸಿಡಿ (ವಿಡಿಯೊ ತುಂಬಿದ ಸಿಡಿ), ಎಲ್ಲಕ್ಕೂ ಒಂದೇ ಹೆಸರು, ಒಂದೇ ಡಬ್ಬಿ. ತಂತ್ರಜ್ಞಾನದ ಲೆಕ್ಕದಲ್ಲೂ ಕಾನೂನಿನ ಲೆಕ್ಕದಲ್ಲೂ ಇವು ಬೇರೆ ಬೇರೆ. ಯಾವುದನ್ನು ಮೊದಲು ಉಳಿಸಬೇಕು ಎಂಬುದೂ ಈ ವ್ಯತ್ಯಾಸದಿಂದಲೇ ತೀರ್ಮಾನವಾಗುತ್ತದೆ.

ಸೋನಿ ನಿಲ್ಲಿಸಿದ್ದು ಏನನ್ನು

ಮೊದಲು ಸುಲಭದ್ದು. ಸೋನಿ 2025ರ ಫೆಬ್ರುವರಿಗೆ ನಿಲ್ಲಿಸಿದ್ದು ನಾವೇ ಬರೆದುಕೊಳ್ಳುವ ಖಾಲಿ ಬ್ಲೂ-ರೇ ಡಿಸ್ಕುಗಳನ್ನು, ಜೊತೆಗೆ ಮಿನಿಡಿಸ್ಕ್ ಮತ್ತು ವಿಡಿಯೊ ಕ್ಯಾಮೆರಾದ ಮಿನಿ-ಡಿವಿ ಕ್ಯಾಸೆಟ್ಟುಗಳನ್ನು. ಸಿನಿಮಾ ತುಂಬಿ ಮಾರುವ ಡಿಸ್ಕುಗಳಿಗೂ ಆ ಪ್ರಕಟಣೆಗೂ ಸಂಬಂಧವಿಲ್ಲ. ಡಿವಿಡಿಗಂತೂ ಇಲ್ಲವೇ ಇಲ್ಲ. ನಮ್ಮ ಕಡೆಯ ಮನೆಗಳಲ್ಲಿ ಬ್ಲೂ-ರೇ ಕಂಡವರೇ ಕಡಿಮೆ. ಈ ಸುದ್ದಿಗೆ ನಿದ್ದೆ ಕೆಡಿಸಿಕೊಳ್ಳಬೇಕಾಗಿಲ್ಲ. ಮಿನಿ-ಡಿವಿಯ ಸಂಗತಿ ಮಾತ್ರ ಸ್ವಲ್ಪ ಬೇರೆ. 2000ರ ನಂತರದ ಎಷ್ಟೋ ಮದುವೆಗಳು ಮೊದಲು ಆ ಕ್ಯಾಸೆಟ್ಟಿನಲ್ಲೇ ಸೆರೆಯಾಗಿ, ಆಮೇಲೆ ಡಿವಿಡಿಗೆ ಬಂದವು. ಕ್ಯಾಸೆಟ್ ಉಳಿದಿರುವ ಸಾಧ್ಯತೆ ಇಲ್ಲವೆಂದೇ ಇಟ್ಟುಕೊಳ್ಳಿ. ಅಲ್ಲಿಗೆ ಡಿವಿಡಿಯೇ ಮೂಲಪ್ರತಿ.

ವಿಂಡೋಸ್ ಕೈಬಿಟ್ಟದ್ದು ಈಗಲ್ಲ

ವಿಂಡೋಸ್ 11 ಬಂದು ಡಿವಿಡಿಯನ್ನು ಕೊಂದಿತು ಎಂಬುದು ತಪ್ಪು. ಕೈಬಿಟ್ಟದ್ದು 2012ರಲ್ಲಿ, ವಿಂಡೋಸ್ 8ರ ಜೊತೆ. ಡಿವಿಡಿಯ ಚಿತ್ರ ಇರುವುದು ಎಂಪೆಗ್-2 ಎಂಬ ರೂಪದಲ್ಲಿ, ಧ್ವನಿ ಸಾಮಾನ್ಯವಾಗಿ ಡಾಲ್ಬಿಯದ್ದು. ಇವೆರಡನ್ನು ಬಿಡಿಸುವ ಸಾಫ್ಟ್‌ವೇರಿಗೆ ಆಗ ಪ್ರತಿ ಕಂಪ್ಯೂಟರಿನ ಲೆಕ್ಕದಲ್ಲಿ ಪೇಟೆಂಟ್ ಶುಲ್ಕ ಕಟ್ಟಬೇಕಿತ್ತು. ಡ್ರೈವೇ ಇಲ್ಲದ ಲ್ಯಾಪ್‌ಟಾಪುಗಳು ಹೆಚ್ಚಾಗುತ್ತಿದ್ದಾಗ ಎಲ್ಲದಕ್ಕೂ ಆ ಶುಲ್ಕ ಏಕೆ ಎಂಬುದು ಮೈಕ್ರೊಸಾಫ್ಟ್‌ನ ವಾದ. ಮೀಡಿಯಾ ಸೆಂಟರ್ ಎಂಬ ಹೆಚ್ಚುವರಿ ಭಾಗ ಹಾಕಿಸಿಕೊಂಡವರಿಗೆ ಸೌಲಭ್ಯ ಉಳಿಯಿತು. 2015ರ ವಿಂಡೋಸ್ 10ರಲ್ಲಿ ಮೀಡಿಯಾ ಸೆಂಟರೂ ಹೋಯಿತು. ಹಳೆಯ ಯಂತ್ರದಲ್ಲಿ ಡ್ರೈವ್ ಕೊಂಡಾಗ ಬಂದ ಪ್ಲೇಯರ್ ಕೂತಿದ್ದರಿಂದ ಈ ಬದಲಾವಣೆ ಹಲವರಿಗೆ ಇಷ್ಟು ವರ್ಷ ಗೊತ್ತಾಗಲಿಲ್ಲ, ಅಷ್ಟೆ.

ಪರಿಹಾರ ಕಷ್ಟದ್ದಲ್ಲ. ವಿಎಲ್‌ಸಿ ಎಂಬ ಉಚಿತ ಪ್ಲೇಯರ್ ಹಾಕಿಕೊಂಡರೆ ಡಿವಿಡಿ ಪ್ಲೇ ಆಗುತ್ತದೆ. ಎಂಪೆಗ್-2ರ ಅಮೆರಿಕದ ಪೇಟೆಂಟುಗಳಲ್ಲಿ ಕೊನೆಯದು 2018ರ ಫೆಬ್ರುವರಿಯಲ್ಲಿ ಮುಗಿದಿದೆ. ವಿಂಡೋಸ್ ಬದಲು ಉಬುಂಟು ಎಂಬ ಲಿನಕ್ಸ್ ಬಳಸುವವರು ಮಾತ್ರ ಒಂದು ಹೆಜ್ಜೆ ಹೆಚ್ಚು ಇಡಬೇಕು: ಸಿನಿಮಾ ಡಿವಿಡಿಯ ಬೀಗ (ನಕಲು ತಡೆಯಲು ಹಾಕಿದ ಗೂಢಲಿಪಿ) ತೆಗೆಯುವ ಲಿಬ್‌ಡಿವಿಡಿಸಿಎಸ್‌ಎಸ್ ಎಂಬ ಭಾಗ ಅದರಲ್ಲಿ ಮೊದಲೇ ಇರುವುದಿಲ್ಲ; ಲಿಬ್‌ಡಿವಿಡಿ-ಪಿಕೆಜಿ ಎಂಬ ಪ್ಯಾಕೇಜ್ ಹಾಕಿ, ಅದು ಕೇಳಿದಂತೆ ಮತ್ತೊಮ್ಮೆ ಕಾನ್ಫಿಗರ್ ಮಾಡಿದರೆ ಅದು ತಾನೇ ಇಳಿಸಿಕೊಂಡು ಕಟ್ಟಿಕೊಳ್ಳುತ್ತದೆ. ಪ್ಯಾಕೇಜ್ ಹಾಕಿ ಎರಡನೆಯ ಹೆಜ್ಜೆ ಮರೆತವರೇ 'ಲಿನಕ್ಸಿನಲ್ಲಿ ಸಿನಿಮಾ ಓಡುವುದಿಲ್ಲ' ಎನ್ನುವುದು.

ಬೆನ್ನು ತಿರುಗಿಸಿ ಬಣ್ಣ ನೋಡಿ

ಡಿಸ್ಕನ್ನು ಮಗುಚಿ ಹಿಡಿದರೆ ಅರ್ಧ ವಿಷಯ ಅಲ್ಲೇ ಗೊತ್ತಾಗುತ್ತದೆ. ಕಾರ್ಖಾನೆಯಲ್ಲಿ ಅಚ್ಚೊತ್ತಿದ ಡಿವಿಡಿಯ ಬೆನ್ನು ಬೆಳ್ಳಿ ಬಣ್ಣ. ಎರಡು ಪದರದ್ದಾದರೆ ತುಸು ಹೊಂಬಣ್ಣ. ಸ್ಟುಡಿಯೊದಲ್ಲಿ ಬರೆದ ಡಿವಿಡಿ-ಆರ್ ನೇರಳೆ ಅಥವಾ ನೀಲಿ ಛಾಯೆಯದ್ದು. ಮೇಲ್ಭಾಗದಲ್ಲಿ ವಧೂವರರ ಫೋಟೊ ಎಷ್ಟೇ ಚಂದ ಮುದ್ರಿಸಿರಲಿ, ಬೆನ್ನಿನ ಬಣ್ಣ ಸುಳ್ಳು ಹೇಳುವುದಿಲ್ಲ.

ಅಚ್ಚೊತ್ತಿದ ಡಿಸ್ಕಿನಲ್ಲಿ ಮಾಹಿತಿ ಇರುವುದು ಪ್ಲಾಸ್ಟಿಕ್ಕಿನಲ್ಲಿ ಮೂಡಿದ ಸಣ್ಣ ಗುಳಿಗಳಾಗಿ. ಗುಳಿ ಅಳಿಸಿಹೋಗುವುದಿಲ್ಲ. ಡಿವಿಡಿ-ಆರ್‌ನಲ್ಲಿ ಗುಳಿಗಳಿಲ್ಲ, ಅಲ್ಲಿರುವುದು ಬಣ್ಣದ ಒಂದು ತೆಳು ಪದರ. ಬರೆಯುವಾಗ ಲೇಸರ್ ಆ ಬಣ್ಣವನ್ನು ಅಲ್ಲಲ್ಲಿ ಸುಟ್ಟು ಗುರುತು ಮಾಡುತ್ತದೆ. ಈ ಬಣ್ಣ ಸಾವಯವ ವಸ್ತು. ಬಿಸಿಲು, ಶಾಖ, ತೇವ ಮೂರೂ ಅದಕ್ಕೆ ಶತ್ರು. ಸುಟ್ಟ ಜಾಗಕ್ಕೂ ಸುಡದ ಜಾಗಕ್ಕೂ ನಡುವಿನ ವ್ಯತ್ಯಾಸ ಮಸುಕಾಗುತ್ತ ಹೋದಂತೆ ಡ್ರೈವ್ ತಡವರಿಸುತ್ತದೆ, ಆಮೇಲೆ ಕೈಚೆಲ್ಲುತ್ತದೆ.

ಹಾಗಾಗಿ ಮನೆಯ ಡಬ್ಬಿಯಲ್ಲಿ ಒಂದು ವಿಚಿತ್ರ ನಡೆದಿದೆ. ಮೋಸರ್ ಬೇಯರ್ ಕಂಪನಿ 2007ರ ಸುಮಾರಿಗೆ 34 ರೂಪಾಯಿಗೆ ಮಾರಿದ ಸಿನಿಮಾ ಡಿವಿಡಿ ಗೀರು ಬೀಳದಿದ್ದರೆ ಇವತ್ತಿಗೂ ಓಡುತ್ತದೆ. ಆ ಕಂಪನಿಯೇ 2018ರಲ್ಲಿ ಬಾಗಿಲು ಹಾಕಿತು. ಅದೇ ಕಾಲದಲ್ಲಿ ಸಾವಿರಾರು ರೂಪಾಯಿ ಕೊಟ್ಟು ಮಾಡಿಸಿದ ಮದುವೆಯ, ಬ್ರಹ್ಮಕಲಶದ, ಮನೆಯ ನೇಮದ (ದೈವಾರಾಧನೆಯ) ಡಿಸ್ಕ್ ಸಾಯುತ್ತಿದೆ. ಎಲ್ಲಿ ಹುಡುಕಿದರೂ ಇನ್ನೊಂದು ಪ್ರತಿ ಸಿಗದಂಥದ್ದು ಇದೇ.

ತೇವ ಒಳಗೆ ಹೋಗುವ ದಾರಿ

ಡಿವಿಡಿ ಎಂದರೆ 0.6 ಮಿಲಿಮೀಟರ್ ದಪ್ಪದ ಎರಡು ಪ್ಲಾಸ್ಟಿಕ್ ಬಿಲ್ಲೆಗಳನ್ನು ಅಂಟಿನಿಂದ ಸೇರಿಸಿದ್ದು. ಮಾಹಿತಿ ಇರುವುದು ನಡುವೆ. ಮೇಲಿಂದಲೂ ಕೆಳಗಿಂದಲೂ ರಕ್ಷಣೆ ಇದೆ, ಅಂಚಿನಲ್ಲಿ ಮಾತ್ರ ಅಂಟೇ ಬಾಗಿಲು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಯೇ ಬೆವರುವ ನಮ್ಮ ಊರಿನಲ್ಲಿ ಆ ಬಾಗಿಲು ನಿಧಾನವಾಗಿ ಸಡಿಲವಾಗುತ್ತದೆ. ತೇವ ಅಂಚಿನಿಂದ ಒಳಕ್ಕೆ ನುಗ್ಗಿ ಮೊದಲು ಬೆಳಕು ಹಿಂತಿರುಗಿಸುವ ಲೋಹದ ಪದರವನ್ನು ಕೆಡಿಸುತ್ತದೆ.

ಇದರ ಪರಿಣಾಮ ಬಹಳ ನಿರ್ದಿಷ್ಟ. ಡಿವಿಡಿಯಲ್ಲಿ ಬರವಣಿಗೆ ಶುರುವಾಗುವುದು ನಡುವಿನ ತೂತಿನ ಬಳಿಯಿಂದ. ಹೊರಗಿನ ಅಂಚಿಗೆ ಬರುವಷ್ಟರಲ್ಲಿ ಡಿಸ್ಕ್ ತುಂಬಿರುತ್ತದೆ. ಹಾಗಾಗಿ ಭರ್ತಿ ತುಂಬಿದ ಮದುವೆ ಡಿಸ್ಕಿನಲ್ಲಿ ಮೊದಲು ಹೋಗುವುದು ಕೊನೆಯ ಭಾಗ: ಊಟದ ಪಂಕ್ತಿ, ಹುಡುಗಿಯನ್ನು ಕಳುಹಿಸಿಕೊಡುವ ಹೊತ್ತು. ಆರಂಭದ ಮೆಹಂದಿ ಚೆನ್ನಾಗಿ ಓಡಿತೆಂದು ಡಿಸ್ಕ್ ಸರಿ ಇದೆ ಎಂದು ಬಗೆದವರು ಮೋಸ ಹೋಗುತ್ತಾರೆ. ಎರಡು ಪದರದ ಸಿನಿಮಾ ಡಿವಿಡಿಯಲ್ಲಿ ಲೆಕ್ಕ ಬೇರೆ. ಮೊದಲ ಪದರ ಒಳಗಿಂದ ಹೊರಕ್ಕೆ, ಎರಡನೆಯದು ಹೊರಗಿಂದ ಒಳಕ್ಕೆ. ಅಂಚು ಬರುವುದು ಸಿನಿಮಾದ ನಡುವಿನಲ್ಲಿ. ಇಂಟರ್ವಲ್ ಆಸುಪಾಸಿನಲ್ಲೇ ಚಿತ್ರ ನಿಂತುಹೋಗುವುದು ಇದಕ್ಕೆ.

ಆಲ್ಬಮ್ಮಿನ ಪ್ಲಾಸ್ಟಿಕ್ ಲಕೋಟೆ ಇನ್ನೊಂದು ಕೇಡು. ಮಳೆಗಾಲದಲ್ಲಿ ಅದು ಡಿಸ್ಕಿಗೆ ಅಂಟಿಕೊಳ್ಳುತ್ತದೆ, ಒಳಗೆ ಬೂಸು ಹಿಡಿಯುತ್ತದೆ. ಮೇಲೆ ಅಂಟಿಸಿದ ಕಾಗದದ ಸ್ಟಿಕ್ಕರೂ ಒಳ್ಳೆಯದಲ್ಲ. ತೇವ ಹೀರಿ ಉಬ್ಬಿದರೆ ತಿರುಗುವಾಗ ತೂಕ ಒಂದು ಕಡೆಗೆ ಎಳೆಯುತ್ತದೆ. ಹಾಗೆಂದು ಕಿತ್ತು ತೆಗೆಯಲು ಹೋಗಬೇಡಿ. ಸ್ಟಿಕ್ಕರಿನ ಜೊತೆ ಪದರವೂ ಎದ್ದು ಬರಬಹುದು.

ಬೀಗ ಇರುವುದು ಯಾವುದಕ್ಕೆ

ಇಂಟರ್ನೆಟ್ಟಿನಲ್ಲಿ ಡಿವಿಡಿ ಕಾಪಿ ಬಗ್ಗೆ ಓದಿದವರು ಹೆದರುವುದು ಬೀಗದ ಮಾತು ಕೇಳಿ. ಸಿಎಸ್‌ಎಸ್ ಎಂಬ ಈ ಬೀಗ ಇರುವುದು ಕಂಪನಿಗಳು ಮಾರಿದ ಸಿನಿಮಾ ಡಿಸ್ಕುಗಳಲ್ಲಿ, ಅವುಗಳಲ್ಲೂ ಎಲ್ಲದಕ್ಕೂ ಇಲ್ಲ. 40 ಬಿಟ್ಟಿನ ಸಣ್ಣ ಕೀಲಿ. 1999ರಲ್ಲೇ ಅದು ಮುರಿದುಬಿತ್ತು. ಮುರಿದ ತಂಡದಲ್ಲಿದ್ದ ನಾರ್ವೆಯ ಹುಡುಗ ಯಾನ್ ಲೆಕ್ ಯೊಹಾನ್ಸನ್ ಮೇಲೆ ಹೂಡಿದ ಮೊಕದ್ದಮೆಯಲ್ಲಿ ಅಲ್ಲಿನ ನ್ಯಾಯಾಲಯಗಳು 2003ರಲ್ಲಿ ಎರಡು ಬಾರಿ ಅವನನ್ನು ಖುಲಾಸೆ ಮಾಡಿದವು: ತಾನೇ ಕೊಂಡ ಡಿಸ್ಕನ್ನು ನೋಡಿದ್ದು ತಪ್ಪಲ್ಲ ಎಂದು.

ಸ್ಟುಡಿಯೊ ಬರೆದುಕೊಟ್ಟ ಮದುವೆ ಡಿಸ್ಕಿಗೆ ಸಿಎಸ್‌ಎಸ್ ಇರುವುದಿಲ್ಲ. ಸಾಮಾನ್ಯ ಖಾಲಿ ಡಿವಿಡಿ-ಆರ್‌ನಲ್ಲಿ ಆ ಕೀಲಿಯನ್ನು ಬರೆಯಬೇಕಾದ ಜಾಗಕ್ಕೆ ಬರೆಯಲು ಬಿಡುವುದೇ ಇಲ್ಲ. ಅನುಮಾನವಿದ್ದರೆ ಪರೀಕ್ಷೆ ಸುಲಭ. ವಿಡಿಯೊ-ಟಿಎಸ್ ಫೋಲ್ಡರಿನ ಒಂದು ದೊಡ್ಡ ಫೈಲನ್ನು ಹಾರ್ಡ್‌ಡಿಸ್ಕಿಗೆ ನಕಲು ಮಾಡಿ ಅಲ್ಲಿಂದ ಪ್ಲೇ ಮಾಡಿ. ಸರಿಯಾಗಿ ಓಡಿದರೆ ಬೀಗವಿಲ್ಲ. ಡಿಸ್ಕ್ ಕೆಟ್ಟಿರದಿದ್ದೂ ನಕಲೇ ಆಗದೆ ದೋಷ ತೋರಿಸಿದರೆ, ಅಥವಾ ಹಸಿರು-ಗುಲಾಬಿ ಚೌಕಗಳು ಕುಣಿದರೆ, ಬೀಗವಿದೆ.

ಕಾನೂನು ಹೇಳುವುದು

ಭಾರತದ 1957ರ ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ ತಂದ ತಿದ್ದುಪಡಿ 65ಎ ಎಂಬ ಕಲಮನ್ನು ಸೇರಿಸಿತು. ತಾಂತ್ರಿಕ ಬೀಗವನ್ನು ಮುರಿದರೆ ಎರಡು ವರ್ಷದವರೆಗೆ ಜೈಲು, ಜೊತೆಗೆ ದಂಡ. ಇಷ್ಟನ್ನೇ ಓದಿದವರು ಡಿವಿಡಿ ಕಾಪಿ ಅಪರಾಧ ಎನ್ನುತ್ತಾರೆ. ಆದರೆ ಆ ವಾಕ್ಯದಲ್ಲೇ ಒಂದು ಷರತ್ತು ಇದೆ: ಹಕ್ಕುಗಳನ್ನು ಉಲ್ಲಂಘಿಸುವ ಉದ್ದೇಶದಿಂದ ಮುರಿದಿರಬೇಕು. ಎರಡನೆಯ ಉಪಕಲಮು, ಕಾಯ್ದೆ ಸ್ಪಷ್ಟವಾಗಿ ನಿಷೇಧಿಸದ ಉದ್ದೇಶಕ್ಕೆ ಬೀಗ ತೆಗೆದರೆ ಅಡ್ಡಿಯಿಲ್ಲ ಎನ್ನುತ್ತದೆ. ಇನ್ನೊಂದೆಡೆ 52(1)(ಎ) ಕಲಮು ಖಾಸಗಿ ಬಳಕೆಗಾಗಿ ಕೃತಿಯ ನ್ಯಾಯೋಚಿತ ಬಳಕೆಯನ್ನು ಒಪ್ಪುತ್ತದೆ. ಅದಕ್ಕಾಗಿ ವಿದ್ಯುನ್ಮಾನ ರೂಪದಲ್ಲಿ ಸಂಗ್ರಹಿಸಿಟ್ಟರೆ ಉಲ್ಲಂಘನೆಯಲ್ಲ ಎಂದು ವಿವರಣೆಯನ್ನೂ ಕೊಡುತ್ತದೆ.

ಚಿತ್ರೋದ್ಯಮದ ವಾದ ಹೀಗೆ: ಕೊಂಡವನಿಗೆ ಸಿಕ್ಕಿದ್ದು ನೋಡುವ ಹಕ್ಕು, ನಕಲಿನ ಹಕ್ಕಲ್ಲ. 'ನ್ಯಾಯೋಚಿತ' ಅಂದರೆ ಇಡೀ ಸಿನಿಮಾವನ್ನು ನಕಲು ಮಾಡುವುದು ಎಂದರ್ಥವಲ್ಲ. ಮನೆಯವನ ಕೈಯಲ್ಲಿರುವ ಸಾಫ್ಟ್‌ವೇರೇ ಪೈರಸಿ ಮಾಡುವವನ ಕೈಯಲ್ಲೂ ಇರುವುದು. ಬಳಕೆದಾರರ ವಾದ: ದುಡ್ಡು ಕೊಟ್ಟಾಗಿದೆ, ಪ್ಲೇಯರ್ ಮಾರುಕಟ್ಟೆಯಲ್ಲಿ ಮಾಯವಾಗುತ್ತಿದೆ, ಅದೇ ಸಿನಿಮಾ ಒಟಿಟಿಯಲ್ಲಿ ಇವತ್ತು ಇದ್ದು ನಾಳೆ ಇರುವುದಿಲ್ಲ. ಹಳೆಯ ತುಳು ಸಿನಿಮಾಗಳ ವಿಷಯದಲ್ಲಿ ಈ ಕೊನೆಯ ಮಾತಿಗೆ ತೂಕ ಹೆಚ್ಚು.

ಕಾಯ್ದೆಯ ಭಾಷೆಯನ್ನೇ ಹಿಡಿದು ನೋಡಿದರೆ, ಡಿಸ್ಕ್ ನಿಮ್ಮದಾಗಿದ್ದು, ನಕಲು ಮನೆಯ ಒಳಗೇ ಉಳಿದು, ಡಿಸ್ಕನ್ನು ಬೇರೆಯವರಿಗೆ ಮಾರದೆ ಇಟ್ಟುಕೊಂಡಿದ್ದರೆ ವಾದ ಬಳಕೆದಾರನ ಕಡೆಗೇ ವಾಲುತ್ತದೆ. ಟೆಲಿಗ್ರಾಮಿಗೆ ಹಾಕಿದ ಕ್ಷಣ, ನೆರೆಮನೆಗೆ ಪೆನ್‌ಡ್ರೈವಿನಲ್ಲಿ ಕೊಟ್ಟ ಕ್ಷಣ ಆ ರಕ್ಷಣೆ ಬಿದ್ದುಹೋಗುತ್ತದೆ. ಅಮೆರಿಕದ 1998ರ ಕಾಯ್ದೆ ಇದಕ್ಕಿಂತ ಕಠಿಣ. ಕೆಲವು ವಿನಾಯಿತಿ ಬಿಟ್ಟರೆ ಅಲ್ಲಿ ಬೀಗ ಮುರಿಯುವುದೇ ನಿಷಿದ್ಧ, ಉದ್ದೇಶ ಯಾವುದಾದರೂ. ಇಂಗ್ಲಿಷಿನಲ್ಲಿ ಸಿಗುವ ಎಚ್ಚರಿಕೆಗಳಲ್ಲಿ ಹೆಚ್ಚಿನವು ಆ ಕಾಯ್ದೆಯನ್ನು ಮನಸ್ಸಿನಲ್ಲಿಟ್ಟು ಬರೆದವು. 2023ರ ಸಿನಿಮಾಟೊಗ್ರಾಫ್ ತಿದ್ದುಪಡಿಯ ಬಗ್ಗೆಯೂ ಗೊಂದಲವಿದೆ. ಅದು ಹಿಡಿಯುವುದು ಚಿತ್ರಮಂದಿರದಲ್ಲಿ ಕ್ಯಾಮೆರಾ ಎತ್ತುವವರನ್ನು, ಕಳ್ಳಪ್ರತಿಯನ್ನು ಲಾಭಕ್ಕೆ ಸಾರ್ವಜನಿಕವಾಗಿ ತೋರಿಸುವವರನ್ನು.

ಅಂಗಡಿಯವರಿಂದ ಸಿನಿಮಾ ಡಿಸ್ಕ್ ಕಾಪಿ ಮಾಡಿಸುವವರಿಗೆ ಒಂದು ಮಾತು. ಬೇರೆಯವರಿಗಾಗಿ ಬೀಗ ತೆಗೆಯಲು ನೆರವಾಗುವವರು ಆ ವ್ಯಕ್ತಿಯ ಹೆಸರು, ವಿಳಾಸ, ಉದ್ದೇಶಗಳ ಪೂರ್ತಿ ದಾಖಲೆ ಇಡಬೇಕು ಎಂದು 65ಎ ಹೇಳುತ್ತದೆ. ಹತ್ತಿಪ್ಪತ್ತು ರೂಪಾಯಿಗೆ ಪೆನ್‌ಡ್ರೈವ್ ತುಂಬಿಸಿ ಕೊಡುವಲ್ಲಿ ಅಂಥ ಪುಸ್ತಕ ಯಾರು ಇಡುತ್ತಾರೆ?

ಮದುವೆ ವಿಡಿಯೊದ ವಿಷಯದಲ್ಲಿ ಕಾನೂನು ನಿಮ್ಮ ಕಡೆಗೆ ನೇರವಾಗಿಯೇ ಇದೆ. ದುಡ್ಡು ಕೊಟ್ಟು ಮಾಡಿಸಿದ ಫೋಟೊ ಮತ್ತು ಚಿತ್ರೀಕರಣದ ಮೊದಲ ಹಕ್ಕುದಾರ, ಬೇರೆ ಒಪ್ಪಂದ ಇಲ್ಲದಿದ್ದರೆ, ಮಾಡಿಸಿದವರೇ. 17ನೇ ಕಲಮಿನ ಮಾತಿದು. ಸ್ಟುಡಿಯೊದ ಅನುಮತಿ ಕೇಳಬೇಕಾಗಿಲ್ಲ. ಅದರ ಹಿನ್ನೆಲೆಗೆ ಸ್ಟುಡಿಯೊದವರು ಹಾಕಿದ ಸಿನಿಮಾ ಹಾಡು ಮಾತ್ರ ನಿಮ್ಮದಲ್ಲ. ಮನೆಯಲ್ಲಿ ನೋಡುವಾಗ ಅದು ತೊಂದರೆಯಲ್ಲ, ಯೂಟ್ಯೂಬಿಗೆ ಏರಿಸಿದಾಗ ಹಾಡಿನ ಒಡೆಯರು ತಡೆಯುತ್ತಾರೆ. ಯಕ್ಷಗಾನದ ಡಿಸ್ಕುಗಳು ಇವೆರಡರ ನಡುವೆ ಬರುತ್ತವೆ: ಹೆಚ್ಚಿನವಕ್ಕೆ ಬೀಗವಿಲ್ಲ, ಆದರೆ ಹಕ್ಕು ನಿರ್ಮಾಪಕರದ್ದು, ಜೊತೆಗೆ ಭಾಗವತರು, ವೇಷಧಾರಿಗಳು, ಹಿಮ್ಮೇಳದವರಿಗೆ ಪ್ರದರ್ಶಕರ ಹಕ್ಕೂ ಇದೆ. ಮನೆಗೆ ಇಳಿಸಿಕೊಳ್ಳಿ, ಚಾನೆಲ್ ಮಾಡಬೇಡಿ.

ಕಾಪಿ ಮಾಡುವ ಕೆಲಸ

ಡಿಸ್ಕ್ ತೊಳೆಯುವುದರಿಂದ ಶುರು. ಪಾತ್ರೆ ತೊಳೆಯುವ ದ್ರವದ ಒಂದು ಹನಿ ಹಾಕಿದ ನೀರು, ಕನ್ನಡಕ ಒರೆಸುವ ಮೆತ್ತನೆ ಬಟ್ಟೆ. ನಡುವಿನಿಂದ ಅಂಚಿಗೆ ನೇರ ಗೆರೆಯಲ್ಲಿ ಒರೆಸಬೇಕು, ಸುತ್ತಿ ಒರೆಸಬಾರದು. ಗೀರು ಬಿದ್ದರೆ ಅಡ್ಡ ಬಿದ್ದ ಗೀರನ್ನು ದೋಷ ಸರಿಪಡಿಸುವ ಲೆಕ್ಕ ದಾಟಿಕೊಳ್ಳುತ್ತದೆ. ಟ್ರ್ಯಾಕಿನುದ್ದಕ್ಕೆ ಬಿದ್ದ ಗೀರು ಸಾಲು ಸಾಲು ಮಾಹಿತಿಯನ್ನು ನುಂಗುತ್ತದೆ. ಥಿನ್ನರ್, ಪೆಟ್ರೋಲ್ ಮುಟ್ಟಿಸಬೇಡಿ, ಪ್ಲಾಸ್ಟಿಕ್ ಮಂಜಾಗುತ್ತದೆ. ಪೂರ್ತಿ ಒಣಗಿದ ಮೇಲೆಯೇ ಡ್ರೈವಿಗೆ.

ತೆಳ್ಳಗಿನ ಯುಎಸ್‌ಬಿ ಡ್ರೈವ್ ಸಾಕು. ಕರೆಂಟು ಸಾಲದೆ ಟಿಕ್ ಟಿಕ್ ಸದ್ದು ಮಾಡಿ ಡಿಸ್ಕ್ ಗುರುತಿಸದಿದ್ದರೆ ಹಬ್ ಬಿಟ್ಟು ನೇರವಾಗಿ ಕಂಪ್ಯೂಟರಿನ ಹಿಂದಿನ ಪೋರ್ಟಿಗೆ ಹಾಕಿ. ಒಂದು ಪದರದ 4.7 ಜಿಬಿ ಡಿಸ್ಕಿಗೆ ಹತ್ತು ಹದಿನೈದು ನಿಮಿಷ, ಎರಡು ಪದರದ 8.5 ಜಿಬಿಗೆ ಇಪ್ಪತ್ತರಿಂದ ಮೂವತ್ತು ನಿಮಿಷ ಹಿಡಿಯುತ್ತದೆ. ಕೆಲವು ಡ್ರೈವುಗಳು ಸದ್ದು ಕಡಿಮೆ ಮಾಡಲೆಂದು ವಿಡಿಯೊ ಡಿಸ್ಕ್ ಕಂಡ ಕೂಡಲೇ ವೇಗ ತಗ್ಗಿಸುತ್ತವೆ. ಆಗ ಇನ್ನೂ ಹೆಚ್ಚು ಹೊತ್ತು.

ಬೀಗವಿಲ್ಲದ ಡಿಸ್ಕಿಗೆ ಮೊದಲು ಐಎಸ್‌ಒ ಮಾಡಿಕೊಳ್ಳುವುದು ಒಳ್ಳೆಯದು. ಇಡೀ ಡಿಸ್ಕಿನ ಪಡಿಯಚ್ಚು ಒಂದೇ ಫೈಲಾಗಿ ಬರುತ್ತದೆ. ಸ್ಟುಡಿಯೊದವರು ಮಾಡಿದ ಮೆನು ಕೂಡ ಉಳಿಯುತ್ತದೆ. ವಿಂಡೋಸಿನಲ್ಲಿ ಇಮ್ಗ್‌ಬರ್ನ್ ಎಂಬ ಉಚಿತ ಸಾಫ್ಟ್‌ವೇರ್ ಇದನ್ನು ಮಾಡುತ್ತದೆ. ಐಎಸ್‌ಒ ಕೈಗೆ ಬಂದ ಮೇಲೆ ಡಿಸ್ಕನ್ನು ಮತ್ತೆ ತಿರುಗಿಸುವ ಅಗತ್ಯವಿಲ್ಲ. ಮುಂದಿನ ಕೆಲಸವೆಲ್ಲ ಅದರ ಮೇಲೆಯೇ.

ಫೈಲುಗಳನ್ನು ಸುಮ್ಮನೆ ಎಳೆದು ಹಾಕಿದರೆ ಸಾಲದೇ? ಓಡುತ್ತದೆ, ಆದರೆ ಚೂರು ಚೂರಾಗಿ. ಡಿವಿಡಿ ತನ್ನ ವಿಡಿಯೊವನ್ನು ಒಂದೊಂದು ಜಿಬಿಯ ತುಂಡುಗಳಾಗಿ ಇಟ್ಟಿರುತ್ತದೆ, ತುಂಡುಗಳನ್ನು ಹೊಂದಿಸುವ ನಕ್ಷೆ ಬೇರೆ ಸಣ್ಣ ಫೈಲಿನಲ್ಲಿ. ನಕ್ಷೆ ಬಿಟ್ಟು ತುಂಡು ಓಡಿಸಿದರೆ ಧಾರೆ ಎರೆಯುವಾಗ ಚಿತ್ರ ಕತ್ತರಿಸಿ, ಎರಡು ಗಂಟೆಯ ವಿಡಿಯೊ ಏಳು ನಿಮಿಷವೆಂದು ತೋರಿಸುತ್ತದೆ. ಮೇಕ್‌ಎಂಕೆವಿ ಎಂಬ ಸಾಫ್ಟ್‌ವೇರ್ ಆ ನಕ್ಷೆ ಓದಿ, ತುಂಡುಗಳನ್ನು ಸೇರಿಸಿ, ಚಿತ್ರ-ಧ್ವನಿಯನ್ನು ಒಂದಿಷ್ಟೂ ಬದಲಿಸದೆ ಎಂಕೆವಿ ಫೈಲ್ ಮಾಡಿ ಕೊಡುತ್ತದೆ. ಡಿವಿಡಿಗೆ ಅದು ಉಚಿತ. ಒಂದು ಎಚ್ಚರ: 120 ಸೆಕೆಂಡಿಗಿಂತ ಚಿಕ್ಕ ಭಾಗಗಳನ್ನು ಅದು ತಾನಾಗಿ ಬಿಟ್ಟುಬಿಡುತ್ತದೆ. ಸ್ಟುಡಿಯೊ ಮಾಡಿದ ಒಂದೂವರೆ ನಿಮಿಷದ ಆರಂಭದ ತುಣುಕು ಬೇಕಿದ್ದರೆ ಸೆಟ್ಟಿಂಗಿನಲ್ಲಿ ಆ ಅಂಕೆಯನ್ನು ಇಳಿಸಿ.

ಮುಗಿದ ಮೇಲೆ ಮೊದಲ ಐದು ನಿಮಿಷ ನೋಡಿ ತೃಪ್ತರಾಗಬೇಡಿ. ನಡುವೆ ನೋಡಿ, ಕೊನೆಯ ಐದು ನಿಮಿಷ ತಪ್ಪದೆ ನೋಡಿ. ಕೆಡುಕು ಶುರುವಾಗುವುದು ಅಂಚಿನಿಂದ.

ಡಿಸ್ಕ್ ಓದದಿದ್ದರೆ

ಒಂದು ಡ್ರೈವ್ ಕೈಬಿಟ್ಟದ್ದನ್ನು ಇನ್ನೊಂದು ಓದುವುದು ಸಾಮಾನ್ಯ. ಲೇಸರಿನ ಬಲ, ಮಸೂರದ ಧೂಳು, ಫೋಕಸ್ ಹಿಡಿಯುವ ಚುರುಕು ಡ್ರೈವಿನಿಂದ ಡ್ರೈವಿಗೆ ಬೇರೆ. ಹಳೆಯ ಡೆಸ್ಕ್‌ಟಾಪಿನ ದೊಡ್ಡ ಡ್ರೈವನ್ನು ಗುಜರಿಗೆ ಹಾಕದೆ ಇಟ್ಟುಕೊಂಡವರು ಜಾಣರು.

ಅದರ ಮೇಲೂ ಆಗದಿದ್ದರೆ ಡಿಡಿರೆಸ್ಕ್ಯೂ ಎಂಬ ಲಿನಕ್ಸ್ ಸಾಧನ. ಸಾಮಾನ್ಯ ನಕಲು ಮೊದಲ ಕೆಟ್ಟ ಜಾಗದಲ್ಲೇ ನಿಂತುಬಿಡುತ್ತದೆ. ಇದು ಹಾಗಲ್ಲ, ಸುಲಭವಾಗಿ ಸಿಗುವುದನ್ನೆಲ್ಲ ಮೊದಲು ಎತ್ತಿಕೊಂಡು, ಕೆಟ್ಟ ಜಾಗಗಳನ್ನು ಒಂದು ನಕ್ಷೆಯಲ್ಲಿ ಬರೆದಿಟ್ಟು, ಆಮೇಲೆ ಅಲ್ಲಿಗೆ ಮಾತ್ರ ಮರಳುತ್ತದೆ. ಸೆಕ್ಟರ್ (ಡಿಸ್ಕಿನ ಮಾಹಿತಿಯ ಚಿಕ್ಕ ತುಂಡು) ಗಾತ್ರ 2048 ಬೈಟ್ ಎಂದು ಹೇಳಿ ಮೊದಲ ಸುತ್ತು ವೇಗವಾಗಿ, ಎರಡನೆಯದರಲ್ಲಿ ಮೂರು ಮರುಪ್ರಯತ್ನ. ನಕ್ಷೆಯ ಫೈಲನ್ನು ಕಾಪಾಡಿಕೊಂಡರೆ ಅದೇ ಕೆಲಸವನ್ನು ಬೇರೆ ಡ್ರೈವಿನಲ್ಲಿ ಮುಂದುವರಿಸಬಹುದು: ಮೊದಲನೆಯದು ಓದದ ಸೆಕ್ಟರುಗಳನ್ನು ಎರಡನೆಯದು ತುಂಬುತ್ತದೆ. ಹತ್ತಿಪ್ಪತ್ತು ಸೆಕ್ಟರ್ ಸಿಗದೇ ಹೋದರೂ ಪರದೆಯಲ್ಲಿ ಅದು ಅರೆಕ್ಷಣದ ಚೌಕುಳಿ ಮಾತ್ರ. ರಾತ್ರಿಯೆಲ್ಲ ಓಡಿಸಿ ಆಸೆ ಬಿಡದೆ ಕೂರಬೇಕಾಗಿಲ್ಲ.

ಸಿನಿಮಾ ಡಿಸ್ಕುಗಳಲ್ಲಿ ಕೆಲವಕ್ಕೆ ಓದಲಾಗದ ಸೆಕ್ಟರುಗಳನ್ನು ಬೇಕೆಂದೇ ಸೇರಿಸಿರುತ್ತಾರೆ, ನಕಲು ಮಾಡುವ ಸಾಫ್ಟ್‌ವೇರ್ ಎಡವಲಿ ಎಂದು. ಡಿಸ್ಕ್ ಹೊಳೆಯುತ್ತಿದ್ದೂ ನಕಲು ಪದೇ ಪದೇ ಒಂದೇ ಕಡೆ ನಿಂತರೆ ಡಿಸ್ಕನ್ನು ಬೈಯುವ ಮೊದಲು ಇದನ್ನು ನೆನೆಯಿರಿ.

ಸಣ್ಣ ಕ್ಯಾಮೆರಾ ಡಿಸ್ಕು, ಅಂದರೆ 8 ಸೆಂಟಿಮೀಟರಿನ 1.4 ಜಿಬಿಯದ್ದು, ಕಂಪ್ಯೂಟರಿನಲ್ಲಿ ಖಾಲಿ ಎಂದು ತೋರಿಸಿದರೆ ಹಾಳಾಗಿದೆ ಎಂದಲ್ಲ. ಬಹುಶಃ ಫೈನಲೈಸ್ ಆಗಿಲ್ಲ, ಅಂದರೆ ಬೇರೆ ಯಂತ್ರಗಳು ಓದುವಂತೆ ಬರವಣಿಗೆಯನ್ನು ಮುಚ್ಚಿಲ್ಲ. ತೆಗೆದ ಕ್ಯಾಮೆರಾದಲ್ಲೇ ಆ ಕೆಲಸ ಮುಗಿಸಬೇಕು. ಅದನ್ನು ಒಳಗೆ ನುಂಗುವ ಮಾದರಿಯ ಡ್ರೈವಿಗೆ ಹಾಕಿದರೆ ಹೊರಗೆ ಬರುವುದಿಲ್ಲ.

ಯಕ್ಷಗಾನ, ತುಳು ನಾಟಕದ ವಿಸಿಡಿಗಳಿಗೆ ಬೇರೆಯೇ ದಾರಿ. ಮೇಕ್‌ಎಂಕೆವಿ ಅವನ್ನು ಗುರುತಿಸುವುದಿಲ್ಲ. ಎಂಪೆಗ್‌ಎವಿ ಎಂಬ ಫೋಲ್ಡರಿನ ಡ್ಯಾಟ್ ಫೈಲುಗಳನ್ನು ನಕಲು ಮಾಡಿದರೆ ವಿಎಲ್‌ಸಿ ಓಡಿಸುತ್ತದೆ. ಹೆಚ್ಚು ವಿಡಿಯೊ ತುಂಬಲೆಂದು ವಿಸಿಡಿಯಲ್ಲಿ ದೋಷ ತಿದ್ದುವ ಒಂದು ಹಂತವನ್ನೇ ಬಿಟ್ಟಿರುವುದರಿಂದ ಸಣ್ಣ ಗೀರಿಗೂ ಚಿತ್ರ ಒಡೆಯುತ್ತದೆ. ಇದರಲ್ಲಿ ಮಾಹಿತಿ ಇರುವುದು ಲೇಬಲ್ಲಿನ ಕೆಳಗೇ. ಬೆಳಕಿಗೆ ಹಿಡಿದಾಗ ಚುಕ್ಕಿ ಚುಕ್ಕಿ ಬೆಳಕು ಕಂಡರೆ ಅಲ್ಲಿದ್ದದ್ದು ಹೋಯಿತು. ಯಾವ ಪಾಲಿಶೂ ಅದನ್ನು ತರುವುದಿಲ್ಲ.

ದುಬೈಯಿಂದ ಬಂದ ಡಿಸ್ಕು

ಸಿನಿಮಾ ಡಿವಿಡಿಗಳಿಗೆ ಬೀಗದ ಜೊತೆ ಪ್ರಾಂತ್ಯದ ಗುರುತೂ ಇದೆ. ಭಾರತ 5ನೇ ಪ್ರಾಂತ್ಯ, ಗಲ್ಫ್ ದೇಶಗಳು 2, ಅಮೆರಿಕ 1. ಗಲ್ಫ್ ನಂಟಿಲ್ಲದ ಮನೆ ಕರಾವಳಿಯಲ್ಲಿ ಅಪರೂಪ, ಹಾಗಾಗಿ ಡಬ್ಬಿಯಲ್ಲಿ ಎರಡೂ ಬೆರೆತಿರುತ್ತವೆ. ಡ್ರೈವ್ 'ಪ್ರಾಂತ್ಯ ಬದಲಿಸಲೇ' ಎಂದು ಕೇಳಿದಾಗ ಹೌದು ಎನ್ನುತ್ತ ಹೋಗಬೇಡಿ. ಬದಲಿಸಲು ಒಟ್ಟು ಐದೇ ಅವಕಾಶ. ಐದನೆಯದಕ್ಕೆ ಡ್ರೈವ್ ಅಲ್ಲೇ ಕಾಯಂ ಆಗಿ ಕೂತುಬಿಡುತ್ತದೆ, ವಿಂಡೋಸ್ ಹೊಸದಾಗಿ ಹಾಕಿದರೂ ಬದಲಾಗದು. ವಿಎಲ್‌ಸಿ ಹೆಚ್ಚಿನ ಡ್ರೈವುಗಳಲ್ಲಿ ಪ್ರಾಂತ್ಯ ಮುಟ್ಟದೆಯೇ ಓಡಿಸುತ್ತದೆ. ಕೀಲಿಯನ್ನು ಲೆಕ್ಕ ಹಾಕಿ ಹುಡುಕುವುದರಿಂದ ಮೊದಲ ಸಲ ಸ್ವಲ್ಪ ತಡವಾಗಬಹುದು.

ಕುಗ್ಗಿಸುವಾಗ ಚೆಂಡೆಯನ್ನು ಕೇಳಿ

ಎಂಕೆವಿ ದೊಡ್ಡದಾಯಿತೆಂದು ಹ್ಯಾಂಡ್‌ಬ್ರೇಕ್ ಎಂಬ ಸಾಫ್ಟ್‌ವೇರಿನಲ್ಲಿ ಕುಗ್ಗಿಸುವವರು ಎರಡು ಕಡೆ ತಪ್ಪುತ್ತಾರೆ. ಒಂದು, ಮದುವೆ ವಿಡಿಯೊ ಇಂಟರ್‌ಲೇಸ್ಡ್, ಅಂದರೆ ಸೆಕೆಂಡಿಗೆ 50 ಅರ್ಧ ಚಿತ್ರಗಳು. ಹಾಗೆಯೇ ಕುಗ್ಗಿಸಿದರೆ ಅಲುಗಾಡುವ ಸೀರೆಯಂಚಿನಲ್ಲಿ ಬಾಚಣಿಗೆಯ ಹಲ್ಲಿನಂಥ ಗೆರೆಗಳು ಶಾಶ್ವತವಾಗಿ ಉಳಿಯುತ್ತವೆ. ಡಿಇಂಟರ್‌ಲೇಸ್ ಆಯ್ಕೆಯಲ್ಲಿ 'ಬಾಬ್' ಹಾಕಿದರೆ 50 ಪೂರ್ಣ ಚಿತ್ರಗಳಾಗಿ ಚಲನೆ ನುಣುಪಾಗುತ್ತದೆ. ಯಕ್ಷಗಾನದ ಗಿರಕಿಗೆ ಇದು ಬೇಕೇ ಬೇಕು. ಗುಣಮಟ್ಟದ ಅಂಕೆ 18ರಿಂದ 22ರ ಒಳಗಿರಲಿ. ಅಂಕೆ ಇಳಿದಷ್ಟೂ ಚಿತ್ರ ಸ್ಪಷ್ಟ, ಫೈಲ್ ದೊಡ್ಡದು. 720×576ರ ಚಿತ್ರವನ್ನು 1080ಕ್ಕೆ ಹಿಗ್ಗಿಸಿ ಕೂಡಿಡುವುದರಿಂದ ಏನೂ ಸಿಗದು, ಆ ಕೆಲಸ ಟಿವಿಯೇ ಮಾಡುತ್ತದೆ.

ಎರಡು, ಧ್ವನಿ. ಚಿತ್ರ ಕುಗ್ಗಿಸಿದರೂ ಧ್ವನಿಯನ್ನು ಮೂಲದಂತೆಯೇ ಉಳಿಸಿ. ಚೆಂಡೆಯ ಪೆಟ್ಟು ಥಟ್ಟನೆ ಏಳುವ ಸದ್ದು; ಕಡಿಮೆ ಬಿಟ್‌ರೇಟಿಗೆ ಇಳಿಸಿದರೆ ಪೆಟ್ಟಿಗೆ ಮುಂಚೆಯೇ ಒಂದು ಮಸುಕು ಕೇಳಿ, ಏರು ಪದ್ಯದಲ್ಲಿ ಚಕ್ರತಾಳ ನೀರಿನಲ್ಲಿ ಬಿದ್ದಂತಾಗುತ್ತದೆ. ಡಾಲ್ಬಿಯ ಎರಡು ಚಾನೆಲ್ ಧ್ವನಿ ಉಳಿಸಿದ್ದಕ್ಕೆ ಸಾಮಾನ್ಯವಾಗಿ ಗಂಟೆಗೆ ನೂರು ಎಂಬಿಯ ಆಸುಪಾಸು, ಅಷ್ಟೆ.

ನಿಜಕ್ಕೂ ಕುಗ್ಗಿಸಬೇಕೇ ಎಂಬುದನ್ನೇ ಕೇಳಿಕೊಳ್ಳಿ. ಇಡೀ ರಾತ್ರಿಯ ಆಟ ನಾಲ್ಕು ಡಿಸ್ಕಾದರೆ ಹದಿನೆಂಟು ಜಿಬಿ ಚಿಲ್ಲರೆ. ನೂರು ಡಿಸ್ಕಿನ ಡಬ್ಬಿ ಪೂರ್ತಿ ಒಂದು ಪದರದ್ದಾದರೆ 470 ಜಿಬಿ. ಒಂದು ಟಿಬಿ ಹಾರ್ಡ್‌ಡಿಸ್ಕಿನ ಅರ್ಧವೂ ತುಂಬುವುದಿಲ್ಲ. ಮದುವೆ, ಉಪನಯನ, ರೋಸ್ (ಕ್ರೈಸ್ತರ ಮದುವೆಯ ಮುನ್ನಾದಿನದ ಶಾಸ್ತ್ರ), ನೇಮದ ವಿಡಿಯೊಗಳನ್ನು ಕುಗ್ಗಿಸದೆ ಮೂಲರೂಪದಲ್ಲೇ ಇಡಬೇಕೆಂಬುದು ಈ ಲೇಖನದ ನಿಲುವು. ಟಿವಿಗಾಗಿ ಬೇಕಿದ್ದರೆ ಬೇರೆ ಸಣ್ಣ ಪ್ರತಿ ಮಾಡಿಕೊಳ್ಳಬಹುದು.

ಟಿವಿಗೆ ತರುವಾಗ ಕೋಡಿ ಎಂಬ ಪ್ಲೇಯರ್ ಆದರೆ ಐಎಸ್‌ಒವನ್ನೂ ಮೆನು ಸಮೇತ ತೋರಿಸುತ್ತದೆ. ಮನೆಯ ಕಂಪ್ಯೂಟರಿನಿಂದ ಟಿವಿಗೆ ವಿಡಿಯೊ ಕಳುಹಿಸುವ ಜೆಲ್ಲಿಫಿನ್‌ಗೆ ಎಂಕೆವಿಯೇ ಹಿತ. ಡಿವಿಡಿಯ ಸಬ್‌ಟೈಟಲ್ ಅಕ್ಷರವಲ್ಲ, ಚಿತ್ರ. ಅದನ್ನು ಆನ್ ಮಾಡಿದಾಗ ಜೆಲ್ಲಿಫಿನ್ ಎಷ್ಟೋ ಬಾರಿ ಇಡೀ ವಿಡಿಯೊವನ್ನು ಹೊಸದಾಗಿ ಪರಿವರ್ತಿಸಬೇಕಾಗುತ್ತದೆ. ಹಳೆಯ ಕಂಪ್ಯೂಟರ್ ಆಗ ಏದುಸಿರು ಬಿಡುತ್ತದೆ.

ಮುಂದಿನ ಕೆಲವು ವರ್ಷ

ಡ್ರೈವುಗಳು ನಾಳೆಯೇ ಮಾಯವಾಗುವುದಿಲ್ಲ. ಆದರೆ ತಯಾರಕರು ಕಡಿಮೆಯಾದಂತೆ ಒಳ್ಳೆಯ ಡ್ರೈವ್ ಹುಡುಕುವುದು ಕಷ್ಟವಾಗುತ್ತದೆ, ಅದೇ ಹೊತ್ತಿಗೆ ಡಿವಿಡಿ-ಆರ್‌ಗಳಿಗೆ ಒಳ್ಳೆಯ ಡ್ರೈವಿನ ಅಗತ್ಯ ಹೆಚ್ಚುತ್ತ ಹೋಗುತ್ತದೆ. ಇಕ್ಕಟ್ಟು ಇರುವುದು ಇಲ್ಲಿ. ಹಾಗಾಗಿ ನೇರಳೆ ಬೆನ್ನಿನವು ಮೊದಲು, ಅವುಗಳಲ್ಲೂ ಹಳೆಯವು ಮತ್ತು ಸ್ಟಿಕ್ಕರ್ ಅಂಟಿಸಿದವು ಎಲ್ಲಕ್ಕಿಂತ ಮೊದಲು. ವಿಸಿಡಿ ಆಮೇಲೆ. ಬೆಳ್ಳಿ ಬೆನ್ನಿನ ಸಿನಿಮಾಗಳು ಮುಂದಿನ ಮಳೆಗಾಲಕ್ಕೂ ಕಾಯುತ್ತವೆ.

ಇಳಿಸಿದ್ದನ್ನು ಒಂದೇ ಹಾರ್ಡ್‌ಡಿಸ್ಕಿನಲ್ಲಿಟ್ಟರೆ ಅಪಾಯ ಡಬ್ಬಿಯಿಂದ ಪೆಟ್ಟಿಗೆಗೆ ವರ್ಗವಾಯಿತು, ಅಷ್ಟೆ. ಎರಡು ಪ್ರತಿ ಇರಲಿ, ಎರಡನೆಯದು ಬೇರೆ ಊರಿನಲ್ಲಿ, ಬೆಂಗಳೂರಿನ ಮಗನ ಮನೆಯಲ್ಲೋ ಮುಂಬೈಯ ಚಿಕ್ಕಮ್ಮನ ಮನೆಯಲ್ಲೋ. ಏಪ್ರಿಲ್-ಮೇ ಮತ್ತು ಅಕ್ಟೋಬರಿನ ಗುಡುಗು ಮಿಂಚಿಗೆ ಪ್ಲಗ್ಗಿನಲ್ಲಿದ್ದ ಹಾರ್ಡ್‌ಡಿಸ್ಕ್ ಸುಟ್ಟರೆ ಮೀಡಿಯಾ ಕಂಪ್ಯೂಟರಿನ ಜೊತೆ ಎಲ್ಲ ಹೋಗುತ್ತದೆ. ಬ್ಯಾಕಪ್ ಡಿಸ್ಕನ್ನು ಕೆಲಸ ಮುಗಿದ ಕೂಡಲೇ ಕಿತ್ತಿಡಬೇಕು.

ಸ್ಟುಡಿಯೊಗಳು ಈಗ ಡಿವಿಡಿ ಬಿಟ್ಟು ಪೆನ್‌ಡ್ರೈವ್ ಕೊಡುತ್ತಿವೆ. ಅದು ಡಿವಿಡಿ-ಆರ್‌ಗಿಂತ ಗಟ್ಟಿ ಎಂದುಕೊಳ್ಳಬೇಡಿ. ಪೆನ್‌ಡ್ರೈವಿನಲ್ಲಿ ಮಾಹಿತಿ ಇರುವುದು ಸಣ್ಣ ಸಣ್ಣ ಕೋಶಗಳಲ್ಲಿ ಹಿಡಿದಿಟ್ಟ ವಿದ್ಯುತ್ತಾಗಿ, ವರ್ಷಗಟ್ಟಲೆ ಆಲ್ಬಮ್ಮಿನ ಜೇಬಿನಲ್ಲಿ ಬಿದ್ದಿದ್ದರೆ ಅದು ಸೋರುತ್ತದೆ. ಸ್ಟುಡಿಯೊದಿಂದ ಮನೆಗೆ ಬಂದ ದಿನವೇ ನಕಲು ಮಾಡಿಕೊಳ್ಳಿ. ಆ ಹೊತ್ತಿಗೆ ಸ್ಟುಡಿಯೊದವರ ಕಂಪ್ಯೂಟರಿನಲ್ಲೂ ಮೂಲ ಇನ್ನೂ ಅಳಿಸಿರುವುದಿಲ್ಲ.